ಪದಚರ್ಚೆ: ಹೊಲಕ್ಕೆ ಹಾಕುವ ಇದ್ದಲಿಗೂ ಅದನ್ನು ಸುಡುವ ಮಣ್ಣಿನ ಗೂಡಿಗೂ ಏನೆನ್ನಬೇಕು?

ಪ್ರಶ್ನೆ, ಹಾನಗಲ್ಲಿನಿಂದ

ಬಳಗದ ಹಿರಿಯರಿಗೆಲ್ಲ ಶರಣು.

ಬರುವ ಸೋಮವಾರ ನಮ್ಮೂರಿನಲ್ಲಿ ರೈತರಿಗಾಗಿ ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೇವೆ. ಗೋವಿನಜೋಳದ ದಿಂಡು, ಹತ್ತಿಕಟ್ಟಿಗೆ, ಒಣಗಿದ ಮೆಣಸಿನಗಿಡ ಇವನ್ನೆಲ್ಲ ಬದುವಿನ ಮೇಲೆ ಸುಟ್ಟು ಬೂದಿ ಮಾಡುವ ಬದಲು, ಮನೆಯವರೇ ಕಟ್ಟಿಕೊಂಡ ಮಣ್ಣಿನ ಗೂಡಿನಲ್ಲಿ ತುಂಬಿ, ಗಾಳಿಯ ಕಿಂಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಸುಟ್ಟು, ಕೆಂಡ ಬೂದಿಯಾಗುವ ಮೊದಲೇ ನೀರೆರೆದು ಆರಿಸಿ, ಪುಡಿ ಮಾಡಿ, ಸಗಣಿ ಗಂಜಲದಲ್ಲಿ ನೆನೆಸಿ ಹೊಲಕ್ಕೆ ಹಾಕುವ ಕ್ರಮವನ್ನು ಅಲ್ಲಿ ತೋರಿಸಲಿದ್ದೇವೆ. ಇಂಗ್ಲಿಷಿನ ನಾಲ್ಕು ಪುಟದ ಕೈಪಿಡಿಯನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ಆದರೆ ಎರಡು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ಮೊದಲನೆಯದು ಬಯೋಚಾರ್, ಅಂದರೆ ಹೀಗೆ ಸುಟ್ಟು ಹೊಲಕ್ಕೆ ಹಾಕುವ ಇದ್ದಲಿ. ಸದ್ಯಕ್ಕೆ ‘ಜೈವಿಕ ಇದ್ದಲಿ’ ಎಂದು ಬರೆದಿಟ್ಟಿದ್ದೇನೆ. ಎರಡನೆಯದು ಆ ಮಣ್ಣಿನ ಗೂಡು. ಒಲೆ, ಭಟ್ಟಿ, ಕುಲುಮೆ, ಆವಿಗೆ, ಇವುಗಳಲ್ಲಿ ಯಾವುದು ಸರಿ? ಬೋರ್ಡು ಬರೆಯುವ ಪೇಂಟರ್ ಶನಿವಾರ ಬೆಳಿಗ್ಗೆ ಬರುತ್ತಾನೆ. ದಯವಿಟ್ಟು ನಾಳೆ ಸಂಜೆಯೊಳಗೆ ತಿಳಿಸಬೇಕು.

ಉತ್ತರ, ಧಾರವಾಡದಿಂದ

‘ಜೈವಿಕ ಇದ್ದಲಿ’ ಸಲ್ಲದು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದರೆ ಅದು ಅರಿಸಮಾಸವೆಂಬ ದೋಷವೆಂದು ಹದಿಮೂರನೆಯ ಶತಮಾನದಲ್ಲಿಯೇ ವೈಯಾಕರಣ ಕೇಶಿರಾಜನು ಬಿಡಿಸಿ ಹೇಳಿದ್ದನ್ನು ಇಂದಿನ ಕೈಪಿಡಿಕಾರರು ಓದದಿದ್ದರೆ ಅದು ಕೇಶಿರಾಜನ ತಪ್ಪಲ್ಲ.

ಇದ್ದಲಿ ಅಚ್ಚ ದ್ರಾವಿಡ ಪದ. ಹಳೆಯ ತಮಿಳಿನಲ್ಲಿ ಇದ್ದಲಿಗೆ ‘ಇರುಂದೈ’ ಎಂದಿದೆ. ನಮ್ಮ ಇರುಳು ಯಾವ ಕಪ್ಪಿನಿಂದ ಬಂದಿದೆಯೋ ಇದ್ದಲಿಯೂ ಅದೇ ಕಪ್ಪಿನಿಂದ ಬಂದಿದೆ ಎಂಬುದು ನಾನು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ಇದ್ದಿಲು, ಇಜ್ಜಲು ಎಂಬ ರೂಪಗಳು ಬೇರೆ ಸೀಮೆಯವರಿಗಿರಲಿ, ನಮ್ಮ ಕಡೆಗೆ ಇದ್ದಲಿಯೇ ಸರಿ. ಇಂತಹ ಪದಕ್ಕೆ ಸಂಸ್ಕೃತದ ಟೊಪ್ಪಿಗೆ ಏಕೆ ತೊಡಿಸಬೇಕು? ‘ಮಣ್ಣಿದ್ದಲಿ’ ಎನ್ನಿರಿ, ಮಣ್ಣಿಗೆ ಹಾಕುವ ಇದ್ದಲಿ. ಗೂಡಿನ ವಿಷಯ ಅನಂತರ ಬರೆಯುತ್ತೇನೆ.

ಉತ್ತರ, ಗದಗಿನಿಂದ

ಧಾರವಾಡದ ಮಾಸ್ತರರ ವ್ಯಾಕರಣಕ್ಕೆ ನಮಸ್ಕಾರ. ಆದರೆ ಗಮಕಸಮಾಸ, ಕ್ರಿಯಾಸಮಾಸಗಳಿಗೆ ಆ ದೋಷ ತಟ್ಟದೆಂಬುದನ್ನು ಅವರೇ ನಮಗೆ ಕಲಿಸಿದ್ದಾರೆ. ಮೇಲಾಗಿ ‘ಜೈವಿಕ’ ಎಂಬುದು ಇಲ್ಲಿ ಬಿಡಿಯಾಗಿ ನಿಂತ ವಿಶೇಷಣ, ಸಮಾಸವೇ ಅಲ್ಲ. ‘ಜೈವಿಕ ಇದ್ದಲಿ’ ಕೂಡದು ಎಂಬುದನ್ನು ನಾನೂ ಒಪ್ಪುತ್ತೇನೆ, ಕಾರಣ ಮಾತ್ರ ಬೇರೆ. ನಮ್ಮ ರೈತರಿಗೆ ಜೈವಿಕ ಗೊಬ್ಬರವೆಂದರೆ ರೈಝೋಬಿಯಂ, ಅಜೋಸ್ಪಿರಿಲಂ ಪೊಟ್ಟಣ. ಅಂದರೆ ಜೀವಂತ ಸೂಕ್ಷ್ಮಾಣುಗಳು. 350ರಿಂದ 700 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದು ಬಂದದ್ದರಲ್ಲಿ ಜೀವ ಎಲ್ಲಿಯದು? ಇಂಗ್ಲಿಷಿನ ‘ಬಯೋ’ ಇಲ್ಲಿ ಅದು ಯಾವುದರಿಂದ ಆಯಿತು ಎಂಬುದನ್ನು ಹೇಳುತ್ತದೆ, ಒಳಗೆ ಜೀವವಿದೆ ಎಂದು ಹೇಳುವುದಿಲ್ಲ. ‘ಜೈವಿಕ’ ಎಂದು ಬರೆದರೆ ಅದನ್ನು ನೆರಳಿನಲ್ಲಿಡಬೇಕೇ, ಅವಧಿ ಮುಗಿಯುವ ತಾರೀಖು ಎಷ್ಟು ಎಂಬ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬೇಕಾದೀತು.

‘ಮಣ್ಣಿದ್ದಲಿ’ ಅದಕ್ಕಿಂತ ಕೆಟ್ಟದ್ದು. ಬೋರ್ಡಿನ ಮೇಲೆ ಓದಿದವರು ಮಣ್ಣು ಇದ್ದಲ್ಲಿ ಏನಾಯಿತು ಎಂದು ಮುಂದಿನ ಸಾಲು ಹುಡುಕುತ್ತಾರೆ. ‘ಕರಿಕು’ ಎಂದು ಸೂಚಿಸಲು ಯಾರಾದರೂ ಹವಣಿಸುತ್ತಿದ್ದರೆ ಈಗಲೇ ಹೇಳಿಬಿಡುತ್ತೇನೆ: ನಮ್ಮ ಕಡೆಗೆ ಕರಕಿ ಎಂದರೆ ಗಣಪತಿಗೆ ಏರಿಸುವ ಹುಲ್ಲು, ಹೊಲದಲ್ಲಿ ಅದೇ ಕಳೆ. ಕರಕಿ ಕೀಳುವುದರಲ್ಲಿ ಹೈರಾಣಾದ ರೈತನಿಗೆ ‘ಹೊಲಕ್ಕೆ ಕರಿಕು ಹಾಕಿರಿ’ ಎಂದರೆ ಪ್ರಾತ್ಯಕ್ಷಿಕೆ ಅಲ್ಲಿಗೇ ಮುಗಿಯಿತು. ‘ಇದ್ದಲಿ ಗೊಬ್ಬರ’ ಕೂಡ ಬೇಡ. ಗೊಬ್ಬರವೆಂದ ಕೂಡಲೇ ನೆನೆಸದೆ ಹಾಗೆಯೇ ಸುರಿದು ಬಿಡುತ್ತಾರೆ. ಬರಿಯ ಇದ್ದಲಿ ಮಣ್ಣಿನಲ್ಲಿರುವ ಸಾರಜನಕವನ್ನೇ ಹಿಡಿದಿಟ್ಟುಕೊಂಡು ಮೊದಲ ಬೆಳೆ ಹಳದಿಯಾಗುವುದುಂಟು. ‘ಹೊಲದ ಇದ್ದಲಿ’ ಎಂದು ಬಿಡಿಸಿ ಬರೆಯಿರಿ, ಸಾಕು. ಕಂಬಾರನ ಇದ್ದಲಿ, ಇಸ್ತ್ರಿಯವನ ಇದ್ದಲಿ ಇರುವಂತೆ ಇದು ಹೊಲದ್ದು.

ಇನ್ನೊಂದು ಎಚ್ಚರಿಕೆ. ಇಂತಹ ಕೈಪಿಡಿಗಳಲ್ಲಿ ಅಮೆಜಾನ್ ಸೀಮೆಯ ‘ಟೆರಾ ಪ್ರೆಟಾ’ ಬಂದೇ ಬರುತ್ತದೆ. ಪೋರ್ಚುಗೀಸಿನಲ್ಲಿ ಅದಕ್ಕೆ ಕಪ್ಪು ಮಣ್ಣು ಎಂದರ್ಥವಾದರೂ ‘ಎರೆಮಣ್ಣು’ ಎಂದು ಅನುವಾದಿಸಬೇಡಿರಿ. ನಮ್ಮ ಎರೆ ಜಿಗುಟು ಮಣ್ಣು, ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಟೆರಾ ಪ್ರೆಟಾ ಇದ್ದಲಿ, ಎಲುಬು, ಮಡಕೆಯ ಚೂರು ಸೇರಿ ಮನುಷ್ಯರ ಕೈಯಿಂದಲೇ ಆದ ಮಣ್ಣು. ಪದದ ಮಾತಿಗೆ ಹೊರಗಿನದಾದರೂ ಇದನ್ನೂ ಹೇಳಿಬಿಡುತ್ತೇನೆ: ಇದ್ದಲಿಗೆ ಕ್ಷಾರದ ಗುಣವಿರುವುದರಿಂದ ಹುಳಿಮಣ್ಣಿಗೆ ಅದು ಹೆಚ್ಚು ಒಗ್ಗುತ್ತದೆ. ಮೊದಲೇ ಕ್ಷಾರವಾದ ನಮ್ಮ ಗದಗಿನ ಎರಿಹೊಲಗಳಿಗೆ ಕೈ ಬಿಗಿ ಹಿಡಿದು ಹಾಕಬೇಕು.

ಉತ್ತರ, ಹುಬ್ಬಳ್ಳಿಯಿಂದ

ಇಷ್ಟೆಲ್ಲ ಕಸರತ್ತು ಏತಕ್ಕೆ? ‘ಬಯೋಚಾರ್’ ಎಂದೇ ಬರೆಯಿರಿ. ನಾಳೆ ರೈತರ ಮಕ್ಕಳು ಮೊಬೈಲಿನಲ್ಲಿ ಹುಡುಕುವುದು ಅದೇ ಪದವನ್ನು, ಕೃಷಿ ಮೇಳದ ಮಳಿಗೆಯಲ್ಲಿ ಕೇಳುವುದೂ ಅದನ್ನೇ. ನಾವು ಚಾವಿ ಎನ್ನುತ್ತೇವೆ, ಬಟಾಟಿ ಎನ್ನುತ್ತೇವೆ, ಪಗಾರ ಎನ್ನುತ್ತೇವೆ. ಮೂರೂ ಪೋರ್ಚುಗೀಸರಿಂದ ಬಂದವು. ಕೂರುವ ಖುರ್ಚಿ ಅರಬ್ಬಿಯದು. ತಿಂಗಳ ಮೊದಲ ತಾರೀಖಿಗೆ ಪಗಾರ ಬೇಡವೆಂದು ಹೇಳಿದ ಶುದ್ಧ ಕನ್ನಡಿಗನನ್ನು ನಾನಂತೂ ಕಂಡಿಲ್ಲ. ಯಾರಾದರೂ ‘ಇಂಗಾಲ’ವನ್ನು ಅಚ್ಚಗನ್ನಡವೆಂದು ಮುಂದೆ ತರುವ ಮೊದಲು ಹೇಳುತ್ತೇನೆ: ಅದು ಸಂಸ್ಕೃತದ ಅಂಗಾರವು ಪ್ರಾಕೃತದಲ್ಲಿ ಇಂಗಾಲವಾಗಿ ನಮಗೆ ಬಂದದ್ದು. ಮರಾಠಿಯವರ ಇಂಗಳವೂ ಅದೇ.

ಗೂಡಿಗೆ ‘ಬಟ್ಟಿ’ ಎನ್ನಿರಿ. ಇಟ್ಟಂಗಿ ಬಟ್ಟಿ ಎಲ್ಲರಿಗೂ ಗೊತ್ತು. ಆದರೆ ಮಹಾಪ್ರಾಣ ಬೇಡ; ಆಡುವ ನಾಲಗೆಯಲ್ಲಿ ಇಲ್ಲದ ಹೊಟ್ಟೆಯನ್ನು ಅಕ್ಷರಕ್ಕೆ ಸೀಳುವುದನ್ನು ಇನ್ನಾದರೂ ಬಿಡೋಣ.

ಉತ್ತರ, ಧಾರವಾಡದಿಂದ

ಖುರ್ಚಿಯನ್ನು ಮಹಾಪ್ರಾಣದಲ್ಲಿ ಬರೆದವರು ಭಟ್ಟಿಯ ಹೊಟ್ಟೆಯ ಬಗ್ಗೆ ಮಾತನಾಡಬಾರದು.

ಬಟಾಟಿ ಬಂದಾಗ ನಮ್ಮಲ್ಲಿ ಆ ಗಡ್ಡೆಯೇ ಇರಲಿಲ್ಲ, ಆದ್ದರಿಂದ ಪದವೂ ಬಂತು. ಇದ್ದಲಿ ನಮ್ಮಲ್ಲಿ ಎಂದಿನಿಂದಲೂ ಇದೆ. ವಸ್ತು ಇಲ್ಲದಾಗ ಪದ ತರುವುದು ಕೊಳ್ಳುವಿಕೆ. ವಸ್ತು ಮನೆಯಲ್ಲಿದ್ದೂ ಪದ ತರುವುದು ದುಂದು. ‘ಮಣ್ಣಿದ್ದಲಿ’ ಎಂಬ ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಗದಗಿನವರು ಹೇಳಿದ್ದು ಸರಿ.

ಉತ್ತರ, ರಾಣೆಬೆನ್ನೂರಿನಿಂದ

ಭಟ್ಟಿಯನ್ನು ಅಲ್ಪಪ್ರಾಣದಲ್ಲಿ ಬರೆದರೂ ಮಹಾಪ್ರಾಣದಲ್ಲಿ ಬರೆದರೂ ‘ಮನೆಯಲ್ಲೇ ಭಟ್ಟಿ’ ಎಂಬ ಬೋರ್ಡು ಕಂಡರೆ ಮೊದಲು ಬರುವವರು ರೈತರಲ್ಲ, ಅಬಕಾರಿಯವರು. ಕಳ್ಳಭಟ್ಟಿಯ ವಾಸನೆ ಆ ಪದಕ್ಕೆ ಎಷ್ಟು ಹತ್ತಿಕೊಂಡಿದೆಯೆಂದರೆ ಇಟ್ಟಂಗಿಯ ಹೆಸರು ಜೊತೆಗಿಲ್ಲದೆ ಅದು ಮರ್ಯಾದೆಯಾಗಿ ನಿಲ್ಲುವುದಿಲ್ಲ. ಕುಲುಮೆ ಕೂಡದು, ಏಕೆಂದರೆ ಕುಲುಮೆಯ ಧರ್ಮವೇ ತಿದಿಯೊತ್ತಿ ಗಾಳಿ ಕೊಡುವುದು. ಇಲ್ಲಿ ಮಾಡಬೇಕಾದದ್ದು ಉರಿಯ ಉಸಿರು ಕಟ್ಟಿಸುವುದು. ಒಲೆ ಎಂದರೆ ಬಾಯಿ ತೆರೆದದ್ದು, ಅದರಲ್ಲಿ ಕೊನೆಗೆ ಉಳಿಯುವುದು ಬೂದಿ.

ಉಳಿದದ್ದು ಆವಿಗೆ. ನಾನು ಕುಂಬಾರರ ಮನೆಯಲ್ಲಿ ಹುಟ್ಟಿದವನು, ಆದ್ದರಿಂದ ಪಕ್ಷಪಾತವೆಂದು ಬೇಕಾದರೆ ಹೇಳಿರಿ. ಹಸಿ ಮಡಕೆಗಳನ್ನು ಕಟ್ಟಿಗೆ, ಕುಳ್ಳುಗಳ ನಡುವೆ ಒಟ್ಟಿ, ಮೇಲೆ ಹುಲ್ಲು ಹಾಸಿ, ಅದರ ಮೇಲೆ ಮಣ್ಣು ಮೆತ್ತಿ, ಹೊಗೆಗೆ ಅಷ್ಟಷ್ಟೇ ದಾರಿ ಬಿಟ್ಟು ಸುಡುವುದು ಆವಿಗೆ. ಕಪ್ಪು ಮಡಕೆ ಬೇಕಾದರೆ ಆ ದಾರಿಯನ್ನೂ ಮುಚ್ಚುತ್ತಾರೆ. ಗಾಳಿ ಸಿಗದ ಹೊಗೆಯ ಮಸಿ ಮಡಕೆಯ ಮೈಯೊಳಕ್ಕೆ ಇಳಿಯುತ್ತದೆ. ಬಯೋಚಾರಿನಲ್ಲಿ ಆಗುವುದೂ ಇದೇ ಕೆಲಸ, ಮಡಕೆಯ ಜಾಗದಲ್ಲಿ ದಿಂಡು ಇದೆ, ಅಷ್ಟೇ. ನಮ್ಮ ತಂದೆಯವರು ಹೊಗೆಯ ಬಣ್ಣ ನೋಡಿಯೇ ಒಳಗಿನ ಹದ ಹೇಳುತ್ತಿದ್ದರು: ಬಿಳಿ ಹೊಗೆ ಇರುವವರೆಗೆ ಹಸಿ ಆರುತ್ತಿದೆ, ಹೊಗೆ ತಿಳಿಯಾಗಿ ನೀಲಿಗೆ ತಿರುಗಿದರೆ ಮುಚ್ಚುವ ಹೊತ್ತು ಬಂತು. ಕೈಪಿಡಿಯಲ್ಲಿ ಈ ಮಾತನ್ನು ಸೇರಿಸಿಕೊಳ್ಳಿರಿ, ಥರ್ಮಾಮೀಟರ್ ಇಲ್ಲದವರಿಗೆ ಉಪಯೋಗವಾದೀತು.

ಉತ್ತರ, ಹುಬ್ಬಳ್ಳಿಯಿಂದ

ಆವಿಗೆ ಒಳ್ಳೆಯ ಪದ. ಆವಿ ಏಳುವುದರಿಂದ ಆವಿಗೆ, ಅಚ್ಚ ಕನ್ನಡ.

ಉತ್ತರ, ಧಾರವಾಡದಿಂದ

ಅಲ್ಲ. ಸಂಸ್ಕೃತದ ಆಪಾಕ. ಪಕಾರ ವಕಾರವಾಗುವುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆದರೂ ನನ್ನ ಆಕ್ಷೇಪಣೆ ಇಲ್ಲ; ತದ್ಭವವು ನಮ್ಮ ಮನೆಯ ಸೊಸೆ.

ಉತ್ತರ, ಹಾನಗಲ್ಲಿನಿಂದ

ಎಲ್ಲರಿಗೂ ಶರಣು. ಬೋರ್ಡಿನ ಮೊದಲ ಸಾಲಿಗೆ ‘ಹೊಲದ ಇದ್ದಲಿ ಸುಡುವ ಮಣ್ಣಿನ ಆವಿಗೆ’ ಎಂದು ಇಟ್ಟುಕೊಂಡೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬಯೋಚಾರ್’ ಎಂದಿದೆ, ಹುಬ್ಬಳ್ಳಿಯವರು ಹೇಳಿದಂತೆ ಹುಡುಕುವವರಿಗೆ ಬೇಕಾಗುತ್ತದೆ. ಕೈಪಿಡಿಯಲ್ಲಿ ‘ಜೈವಿಕ’ ಬಂದ ಕಡೆಯೆಲ್ಲ ತೆಗೆದು ಹಾಕಿದ್ದೇನೆ, ಹೊಗೆಯ ಬಣ್ಣದ ಮಾತನ್ನು ಎರಡನೆಯ ಪುಟಕ್ಕೆ ಸೇರಿಸಿದ್ದೇನೆ. ಪೇಂಟರ್ ಮಾತ್ರ ತನ್ನ ಬುದ್ಧಿಯಿಂದ ಒಂದು ಒತ್ತು ಕೊಟ್ಟು ‘ಹೊಲದ ಇದ್ದಲ್ಲಿ’ ಎಂದು ಬರೆದುಬಿಟ್ಟಿದ್ದ. ಬಣ್ಣ ಹಸಿಯಿದ್ದಾಗಲೇ ನೋಡಿದ್ದರಿಂದ ಒರೆಸಲು ಸಾಧ್ಯವಾಯಿತು.

ಉತ್ತರ, ಧಾರವಾಡದಿಂದ

ಸಂತೋಷ. ಬಣ್ಣ ಇನ್ನೂ ಹಸಿಯಿದ್ದರೆ ಕೆಳಗಿನ ಸಾಲನ್ನೂ ಒರೆಸಿಬಿಡಿರಿ.