ಅಪ್‌ಡೇಟ್: ಅಮ್ಮನ ಸುಸ್ತು, ವಾಕಿಂಗ್ ವಿಚಾರ

ಸ್ತನ ಕ್ಯಾನ್ಸರ್‌ಗೆ ಕೀಮೋ ಮುಗಿದ್ಮೇಲೂ ಅಮ್ಮಂಗೆ ವಿಪರೀತ ಸುಸ್ತು, ವ್ಯಾಯಾಮ ಮಾಡಿಸ್ಬಹುದಾ ಅಂತ ಕೇಳಿದ್ನಲ್ಲ, ಡಾಕ್ಟ್ರು ಖಂಡಿತ ಮಾಡ್ಸಿ ಅಂದ್ರು, ಬರೀ ಮಲಗೇ ಇದ್ರೆ ಸುಸ್ತು ಇನ್ನೂ ಜಾಸ್ತಿಯಂತೆ. ವಾರಕ್ಕೆ 3 ಸಲ 30 ನಿಮಿಷ ವಾಕಿಂಗ್ ಗುರಿ, ಮನೆ ಮುಂದಿನ ರಸ್ತೇಲಿ ಶುರು ಮಾಡಿ ಈಗ ಬೆಳಿಗ್ಗೆ ಕುಂದುವಾಡ ಕೆರೆ ಹತ್ರ ನಡೀತಾರೆ, ದಾವಣಗೆರೆ ಬಿಸಿಲು ಗೊತ್ತಲ್ಲ, ಹೊತ್ತೇರೋಕೆ ಮುಂಚೆ ವಾಪಸ್.

ಆಪರೇಷನ್ ಆದ ಕಡೆ ಕೈಲಿ ಭಾರ ಎತ್ತಿದ್ರೆ ಬಾವು ಬರುತ್ತೆ ಅಂತ ನೆಂಟ್ರೆಲ್ಲಾ ಹೆದರಿಸಿದ್ರು. ಆದ್ರೆ 2009ರಲ್ಲಿ ಬಂದ ಅಮೆರಿಕದ ಸ್ಟಡೀಲಿ, ಟ್ರೈನರ್ ಜೊತೆ ನಿಧಾನಕ್ಕೆ ಭಾರ ಹೆಚ್ಚಿಸ್ಕೊಂಡು ಹೋದವ್ರಿಗೆ ಬಾವೇನೂ ಜಾಸ್ತಿ ಆಗ್ಲಿಲ್ಲ. ಫಿಸಿಯೋನ ಕೇಳಿಯೇ ಅರ್ಧ ಕೆಜಿಯಿಂದ ಶುರು ಮಾಡ್ಸಿದೀವಿ, ಕೈ ಭಾರ ಅನ್ಸಿದ್ರೆ ಅವತ್ತಿಗೆ ನಿಲ್ಸೋದು. ನಿದ್ದೆ ಈಗ ಚೆನ್ನಾಗಿ ಬರ್ತಿದೆ, ಸಂಜೆ ತಾವೇ ಮಂಡಕ್ಕಿ ಕೇಳಿ ತಿಂತಾರೆ, ನಂಗೆ ಅದೇ ದೊಡ್ಡ ಖುಷಿ.