ಸಹಾಯ ಬೇಕು: ವಿದ್ಯಾನಗರವೋ, ವಿನೋಬನಗರವೋ?

ಎಲ್ಲರಿಗೂ ನಮಸ್ಕಾರ. ಕೆಲಸ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಶಿಫ್ಟ್ ಲೆಕ್ಕ. ಮನೆಯವರಿಗೆ ಈಗ ಐದು ತಿಂಗಳು. ಶಿವಮೊಗ್ಗದಲ್ಲಿ 2 ಬೆಡ್‌ರೂಮಿನ ಬಾಡಿಗೆ ಮನೆ ಬೇಕು.

ವಿದ್ಯಾನಗರವಾದರೆ ಕೆಲಸಕ್ಕೆ ಸೀದಾ ಬಿ.ಎಚ್. ರಸ್ತೆ, ಹೊಳೆ ದಾಟುವ, ಬಸ್‌ಸ್ಟ್ಯಾಂಡ್ ಟ್ರಾಫಿಕ್ಕಿನ ತಾಪತ್ರಯವಿಲ್ಲ. ಆದರೆ ಮೆಗ್ಗಾನ್ ಆಸ್ಪತ್ರೆ ಹೊಳೆಯಾಚೆ, ಸಾಗರ ರಸ್ತೆಯಲ್ಲಿ. ವಿನೋಬನಗರಕ್ಕೆ ಇದೇ ಉಲ್ಟಾ. ಓಡಾಟ ದಿನಾ, ಚೆಕಪ್ ತಿಂಗಳಿಗೊಮ್ಮೆ. ಹಾಗಾಗಿ ಮನಸ್ಸು ವಿದ್ಯಾನಗರದ ಕಡೆಗೇ.

ಅಲ್ಲಿರುವವರು ದಯವಿಟ್ಟು ಹೇಳಿ: ತುಂಗೆ ತುಂಬಿದಾಗ ಯಾವ ಕ್ರಾಸ್‌ಗಳಿಗೆ ನೀರು ನುಗ್ಗುತ್ತೆ? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಗೋಡೆ ಬುಡದಿಂದ ಮೊಣಕಾಲೆತ್ತರ ತೇವ ಏರುವ ಮನೆ ಬೇಡವೇ ಬೇಡ. ಬೇಸಿಗೆಯಲ್ಲಿ ಹೊಸ ಬಣ್ಣ ಹೊಡೆದಿದ್ದರೆ ಇದು ಕಣ್ಣಿಗೇ ಬೀಳಲ್ಲ, ಆಟಿ ಮಳೆಗೆ ಬೂಸ್ಟು ಹಿಡಿದಾಗಲೇ ಗೊತ್ತಾಗೋದು. ಕೂಸಿನ ಬಟ್ಟೆ ಒಣಗಿಸಲು ಶೀಟು ಹಾಕಿದ ತಾರಸಿ ಇದ್ದರೆ ಬಾಡಿಗೆ ತುಸು ಹೆಚ್ಚಾದರೂ ಪರವಾಗಿಲ್ಲ.