ಮನೆಯ ಕಂಪ್ಯೂಟರ್ ತೀರಾ ನಿಧಾನವಾಗಿದೆ: ನೀವು ಏನು ಮಾಡಿದಿರಿ, ಯಾವುದರಿಂದ ಫಲ ಸಿಕ್ಕಿತು?

ಪ್ರಶ್ನೆ

ನಮ್ಮ ಮನೆಯಲ್ಲಿ ವಿಂಡೋಸ್ 10 ಇರುವ, ಏಳು ವರ್ಷ ಹಳೆಯದಾದ ಕಂಪ್ಯೂಟರ್ ಇದೆ. ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗಲು ಹತ್ತು ನಿಮಿಷ ಹಿಡಿಯುತ್ತದೆ. ವೈರಸ್ ಇರಬಹುದೆಂಬ ಅನುಮಾನದಿಂದ ಎರಡು ಆಂಟಿವೈರಸ್‌ಗಳನ್ನೂ, ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಒಂದು ಕ್ಲೀನರನ್ನೂ ಹಾಕಿದೆ. ಅದಾದ ಮೇಲೆ ಇನ್ನಷ್ಟು ನಿಧಾನವಾಯಿತು. ಇದರ ಜೊತೆಗೆ ಪರದೆಯ ಬಲಬದಿಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ’ ಎಂಬ ಸೂಚನೆ ದಿನಕ್ಕೆ ನಾಲ್ಕಾರು ಬಾರಿ ಬರುತ್ತದೆ. ಹಣ ಕೊಟ್ಟು ಇನ್ನೂ ಒಳ್ಳೆಯ ಆಂಟಿವೈರಸ್ ಕೊಳ್ಳಬೇಕೇ ಅಥವಾ ಕಂಪ್ಯೂಟರನ್ನೇ ಬದಲಾಯಿಸಬೇಕೇ? ಸ್ವತಃ ಅನುಭವಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲನೆಯ ಉತ್ತರ

ಏನನ್ನೂ ಕೊಳ್ಳುವ ಮೊದಲು ನಿಧಾನಗತಿಗೆ ಕಾರಣ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಾಲಂಗಳಿವೆ. ನನ್ನ ಯಂತ್ರದಲ್ಲಿ ಸಿಪಿಯು ಶೇ. 8ರಷ್ಟು ಮಾತ್ರ ಕೆಲಸ ಮಾಡುತ್ತಿದ್ದಾಗ ಡಿಸ್ಕ್ ಶೇ. 100ಕ್ಕೆ ಏರಿ, ಕಾಲು ಗಂಟೆ ಕಳೆದರೂ ಕೆಳಗಿಳಿಯುತ್ತಿರಲಿಲ್ಲ. ಎರಡು ವರ್ಷ ನಾನು ವೈರಸ್ಸನ್ನು ಶಪಿಸಿದ್ದೆ. ತಪ್ಪಿತಸ್ಥ ಹಾರ್ಡ್ ಡಿಸ್ಕ್ ಆಗಿತ್ತು.

ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯೂ, ಅದರ ಮೇಲೆ ಅತ್ತಿತ್ತ ಸರಿದು ಓದುವ ಒಂದು ತೋಳೂ ಇರುತ್ತವೆ. ಕಂಪ್ಯೂಟರ್ ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಬೇರೆ ಬೇರೆ ಜಾಗಗಳಿಂದ ಓದಬೇಕಾಗುವುದರಿಂದ ಆ ತೋಳಿಗೆ ಬಿಡುವೇ ಇರುವುದಿಲ್ಲ. ಅದರ ಬದಲಿಗೆ ಹಾಕಬಹುದಾದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ. ಹಾರ್ಡ್ ಡಿಸ್ಕ್ ಒಂದು ತುಣುಕನ್ನು ಹುಡುಕಲು ಹತ್ತು ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಂಡರೆ, ಎಸ್‌ಎಸ್‌ಡಿಗೆ ಅದರ ನೂರನೆಯ ಒಂದು ಪಾಲು ಸಾಕು. ಇರುವುದನ್ನೆಲ್ಲ ಹಾಗೆಯೇ ಎಸ್‌ಎಸ್‌ಡಿಗೆ ನಕಲು ಮಾಡಿಸಿದ ಮೇಲೆ ನನ್ನ ಯಂತ್ರ ಏಳು ನಿಮಿಷದ ಬದಲು ಅರ್ಧ ನಿಮಿಷದೊಳಗೆ ಸಿದ್ಧವಾಗತೊಡಗಿತು. ಆದರೆ ನಿಮ್ಮಲ್ಲಿ ಡಿಸ್ಕ್ ಸುಮ್ಮನಿದ್ದು ಮೆಮೊರಿ ಶೇ. 90 ದಾಟುತ್ತಿದ್ದರೆ ರ‍್ಯಾಮ್ ಹೆಚ್ಚಿಸಬೇಕಾಗುತ್ತದೆ, ಎಸ್‌ಎಸ್‌ಡಿಯಿಂದ ಅಷ್ಟು ಪ್ರಯೋಜನವಾಗದು.

ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಇಡುವುದು, ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿ ಅವರು ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದುಕೊಂಡಂತೆ ಆಗುತ್ತದೆ. ನೀವು ತೆರೆಯುವ ಪ್ರತಿಯೊಂದು ಕಡತವನ್ನೂ ಇಬ್ಬರೂ ತಪಾಸಣೆ ಮಾಡುತ್ತಾರೆ. ಆ ಭಾರವೆಲ್ಲ ಬೀಳುವುದು ಅದೇ ಡಿಸ್ಕಿನ ಮೇಲೆ. ಎರಡನ್ನೂ ತೆಗೆದುಹಾಕಿದರೆ ವಿಂಡೋಸಿನಲ್ಲೇ ಇರುವ ಡಿಫೆಂಡರ್ ತಾನಾಗಿಯೇ ಕೆಲಸಕ್ಕೆ ಇಳಿಯುತ್ತದೆ. ಎಚ್ಚರಿಕೆಯಿಂದ ಬಳಸುವ ಮನೆಗೆ ಅದು ಸಾಕೆಂಬುದು ನನ್ನ ಅಭಿಪ್ರಾಯ. ಕ್ಲೀನರಿನ ವಿಷಯದಲ್ಲಿ ನನಗೆ ಯಾವ ದಾಕ್ಷಿಣ್ಯವೂ ಇಲ್ಲ, ಅದನ್ನು ಇಂದೇ ತೆಗೆಯಿರಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಸ್ವಚ್ಛಗೊಳಿಸುವುದರಿಂದ ವೇಗ ಹೆಚ್ಚಿದ್ದನ್ನು ನಾನು ಕಂಡಿಲ್ಲ, ವಿಂಡೋಸ್ ಕೆಟ್ಟು ಕೂತದ್ದನ್ನು ಕಂಡಿದ್ದೇನೆ.

ಇನ್ನೊಂದು ಚಿಕ್ಕ ಮಾತು: ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲ್ತಿಯಲ್ಲಿದ್ದರೆ ‘ಶಟ್ ಡೌನ್’ ಕೊಟ್ಟರೂ ವ್ಯವಸ್ಥೆ ಪೂರ್ತಿಯಾಗಿ ಮುಚ್ಚುವುದಿಲ್ಲ, ಎಲ್ಲವೂ ಹೊಸದಾಗಿ ಆರಂಭವಾಗಬೇಕಾದರೆ ‘ರೀಸ್ಟಾರ್ಟ್’ ಕೊಡಬೇಕು. ವಾರಕ್ಕೊಮ್ಮೆ ಕೊಡಿ.

ಎರಡನೆಯ ಉತ್ತರ

ಮೂಲೆಯಲ್ಲಿ ಬರುವ ಆ ಸೂಚನೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮ ಮಾವನವರ ಕಂಪ್ಯೂಟರಿನಲ್ಲಿ ಇದೇ ಆಗಿತ್ತು. ಬಹುಮಟ್ಟಿಗೆ ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸಿನ ಎಚ್ಚರಿಕೆಯೂ ಅಲ್ಲ. ಯಾವುದೋ ಜಾಲತಾಣ ಬ್ರೌಸರಿನ ಮೂಲಕ ಕಳುಹಿಸುತ್ತಿರುವ ಜಾಹೀರಾತು. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಪರದೆ ಕೇಳಿದ್ದಕ್ಕೆ ಮಾವನವರು ಪ್ರಾಮಾಣಿಕವಾಗಿ ಒತ್ತಿದ್ದರು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಷನ್ ವಿಭಾಗ ತೆರೆದು ನೋಡಿದರೆ ಹೆಸರೇ ಕೇಳಿರದ ಹನ್ನೊಂದು ತಾಣಗಳು ಅನುಮತಿ ಪಡೆದು ಕುಳಿತಿದ್ದವು. ಎಲ್ಲವನ್ನೂ ಅಳಿಸಿದ ಕ್ಷಣದಿಂದ ಸೂಚನೆಗಳು ನಿಂತವು. ಅಲ್ಲಿಯವರೆಗೆ ಆ ಸೂಚನೆಯನ್ನು ಒತ್ತಬೇಡಿ, ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಖಂಡಿತ ಕರೆ ಮಾಡಬೇಡಿ.

ಮೂರನೆಯ ಉತ್ತರ

ಡಿಫೆಂಡರ್ ಸಾಕು ಎಂಬ ಮಾತನ್ನು ಒಪ್ಪುತ್ತೇನೆ, ಆದರೆ ಯಾವ ಕಾವಲೂ ಪೂರ್ತಿ ಸಾಲದು ಎಂಬುದನ್ನು ನಾನು ಕಳೆದುಕೊಂಡು ಕಲಿತೆ. ಮಿಂಚಂಚೆಯಲ್ಲಿ ಬಂದ ಒಂದು ರಸೀದಿಯ ಹೆಸರು ‘ಪಿಡಿಎಫ್’ ಎಂದು ಮುಗಿಯುತ್ತಿತ್ತು. ಹೆಸರಿನ ಕೊನೆಯಲ್ಲಿ ಬರುವ, ಕಡತದ ಬಗೆಯನ್ನು ತಿಳಿಸುವ ಅಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುತ್ತದೆ. ಹಾಗಾಗಿ ಅದರ ಮುಂದಿದ್ದ ‘ಇಎಕ್ಸ್‌ಇ’ ನನಗೆ ಕಾಣಲಿಲ್ಲ. ಅದು ರಸೀದಿಯಾಗಿರದೆ ಒಂದು ಪ್ರೋಗ್ರಾಂ ಆಗಿತ್ತು. ಸಂಜೆಯ ಹೊತ್ತಿಗೆ ಮಕ್ಕಳ ಫೋಟೋಗಳೆಲ್ಲ ಬೀಗ ಹಾಕಿಸಿಕೊಂಡು, ಬಿಡಿಸಲು ಹಣ ಕೇಳುವ ಚೀಟಿಯೊಂದು ಪ್ರತಿ ಫೋಲ್ಡರಿನಲ್ಲೂ ಕುಳಿತಿತ್ತು. ಬ್ಯಾಕಪ್ ಇತ್ತು ಎಂಬುದೇ ಹೆಚ್ಚು ನೋವಿನ ಸಂಗತಿ; ಆ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದರಿಂದ ಅದಕ್ಕೂ ಬೀಗ ಬಿದ್ದಿತ್ತು.

ಈಗ ಎರಡು ಡಿಸ್ಕ್‌ಗಳಿವೆ. ಭಾನುವಾರ ಒಂದನ್ನು ಜೋಡಿಸಿ, ನಕಲು ಮಾಡಿ, ಬಿಚ್ಚಿ ಕಪಾಟಿನಲ್ಲಿ ಇಡುತ್ತೇನೆ; ಮುಂದಿನ ವಾರ ಇನ್ನೊಂದರ ಸರದಿ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ಕಡತದ ಪೂರ್ಣ ಹೆಸರು ಕಾಣುವಂತೆ ಮಾಡಿದ್ದೇನೆ. ಮನೆಯವರೆಲ್ಲರೂ ದಿನನಿತ್ಯ ಬಳಸುವುದು ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯನ್ನು.

ಅಪ್‌ಡೇಟ್‌ಗಳನ್ನು ‘ನಾಳೆ’ ಎಂದು ಮುಂದೂಡುವವರಿಗೆ 2017ರ ಮೇ ತಿಂಗಳಲ್ಲಿ ಹೀಗೆಯೇ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ನೆನಪಿರಲಿ. ಯಾರೂ ಯಾವ ಕಡತವನ್ನೂ ತೆರೆಯದಿದ್ದರೂ ಅದು ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿತ್ತು.

ನಾಲ್ಕನೆಯ ಉತ್ತರ

ಎಲ್ಲರೂ ಒಂದು ವಿಷಯವನ್ನು ದಾಟಿ ಹೋಗಿದ್ದೀರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನದು. ಏಳು ವರ್ಷದ ಯಂತ್ರ ಈ ಗಡಿಯ ಮೇಲೇ ನಿಂತಿದೆ. ಯಂತ್ರ ಒಗ್ಗುತ್ತದೆಯೇ ಎಂದು ತಿಳಿಸುವ ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಓಡಿಸಿ ನೋಡಿ. ಟಿಪಿಎಂ ಇಲ್ಲವೆಂದು ಅದು ಹೇಳಿದರೆ ಕೂಡಲೇ ನಿರಾಶರಾಗಬೇಡಿ, ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ, ಅಂದರೆ ವಿಂಡೋಸಿಗಿಂತ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸಿನಲ್ಲಿ, ಆಫ್ ಆಗಿರುತ್ತದೆ. ಒಗ್ಗದಿದ್ದರೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು; ಬ್ರೌಸರ್ ಮತ್ತು ಪತ್ರ ಬರೆಯುವುದಷ್ಟೇ ಕೆಲಸವಾದರೆ ಹೊಸ ಕಂಪ್ಯೂಟರಿನ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ವಂದನೆಗಳು. ಕ್ಲೀನರನ್ನೂ ಎರಡು ಆಂಟಿವೈರಸ್‌ಗಳನ್ನೂ ತೆಗೆದ ಮೇಲೆ ಹತ್ತು ನಿಮಿಷ ಆರಕ್ಕೆ ಇಳಿಯಿತು. ಐದು ವೈರಸ್‌ಗಳ ಸೂಚನೆ ಕಳುಹಿಸುತ್ತಿದ್ದದ್ದು ಹಾಡು ಇಳಿಸಿಕೊಳ್ಳಲು ಒಮ್ಮೆ ತೆರೆದ ತಾಣ. ಡಿಸ್ಕ್ ಕಾಲಂ ಆಗಲೂ ಶೇ. 100ರಲ್ಲೇ ಇದ್ದುದರಿಂದ ಎಸ್‌ಎಸ್‌ಡಿ ಹಾಕಿಸಿದೆ; ಈಗ ಇಪ್ಪತ್ತೆರಡು ಸೆಕೆಂಡು, ಗಡಿಯಾರ ಹಿಡಿದು ನೋಡಿದ್ದೇನೆ. ಟಿಪಿಎಂ ಬಯಾಸ್‌ನಲ್ಲಿ ಆಫ್ ಆಗಿಯೇ ಇತ್ತು, ವಿಂಡೋಸ್ 11 ಇಳಿಯುತ್ತಿದೆ. ಬಿಚ್ಚಿದ ಹಳೆಯ ಡಿಸ್ಕನ್ನು ಬ್ಯಾಕಪ್‌ಗೆ ಬಳಸಬಹುದೇ?

ಮೂರನೆಯ ಉತ್ತರ ಬರೆದವರಿಂದ

ಎರಡನೆಯ ಪ್ರತಿಯಾಗಿ ಬಳಸಿ, ಒಂದೇ ಪ್ರತಿಯಾಗಿ ಬೇಡ. ಮೊದಲು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿ. ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಹಾಳಾದ ಭಾಗಗಳ, ಸಂಖ್ಯೆ ಏರುತ್ತಿದ್ದರೆ ಅದಕ್ಕೆ ಫೋಟೋಗಳನ್ನು ಒಪ್ಪಿಸಬೇಡಿ.